ಕಾರಿನ ರೇಡಿಯೊ ಗರಗರವೂ ಮನೆಯ ಅರ್ಥಿಂಗೂ



ಕಳೆದ ಬೇಸಿಗೆಯಲ್ಲಿ ಚಿಂತಾಮಣಿಯ ಗೃಹಪ್ರವೇಶವೊಂದನ್ನು ಮುಗಿಸಿಕೊಂಡು ಶಿಡ್ಲಘಟ್ಟದ ಮಿತ್ರರ ಹಳೆಯ ಪೆಟ್ರೋಲ್ ಕಾರಿನಲ್ಲಿ ಹಿಂತಿರುಗುತ್ತಿದ್ದೆ. ರೇಡಿಯೊದಲ್ಲಿ ಬರುತ್ತಿದ್ದ ಗಾಯನವನ್ನು ಗರಗರ ಸದ್ದೊಂದು ನುಂಗಿಹಾಕುತ್ತಿತ್ತು. ಎಂಜಿನ್ನಿನ ಓಟ ಹೆಚ್ಚಿದಂತೆ ಆ ಸದ್ದೂ ಏರುತ್ತಿತ್ತು. "ಈ ಕಡೆ ಸ್ಟೇಷನ್ನೇ ಸರಿಯಾಗಿ ಸಿಗುವುದಿಲ್ಲ ಪಂಡಿತರೆ" ಎಂದರು ಮಿತ್ರರು. ಹುಣಸೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ರೇಡಿಯೊ ಮಾತ್ರ ಉಳಿಸಲು ಹೇಳಿದೆ. ಹಾಡು ತಿಳಿಯಾಗಿ ಕೇಳಿಸಿತು. ದೋಷ ಸ್ಟೇಷನ್ನಿನದಾಗಿರಲಿಲ್ಲ, ಕಾರಿನದಾಗಿತ್ತು.

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ದಿನಗಳಲ್ಲಿ, ಅಲ್ಲಿನ ವಾಲ್ವ್ ರೇಡಿಯೊ ದುರಸ್ತಿಗೆ ಬರುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಕಲಿತ ವಿದ್ಯೆ ಇದು. ಮೊದಲು ಸದ್ದಿನ ಮೂಲವನ್ನು ಹುಡುಕು, ಆಮೇಲೆ ಸ್ಕ್ರೂ ಬಿಚ್ಚು ಎಂಬುದು ಅವರ ಮೊದಲ ಪಾಠವಾಗಿತ್ತು.

ಎಂಜಿನ್ನಿನ ಓಟದೊಡನೆ ಏರಿಳಿಯುವ ಕೊಳಲಿನಂಥ ಕೂಗು ಸಾಮಾನ್ಯವಾಗಿ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನಿಂದ ಬರುತ್ತದೆ. ಟಿಕ್‌ಟಿಕ್ ಎಂಬ ಬಿಡಿಬಿಡಿ ಸದ್ದು ಸ್ಪಾರ್ಕ್ ಪ್ಲಗ್ಗಿನ ಕಿಡಿಯದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲವಾದ್ದರಿಂದ ಅಲ್ಲಿ ಈ ಸದ್ದಿಗೆ ಎಡೆಯಿಲ್ಲ. ಅಗ್ಗದ ಮೊಬೈಲ್ ಚಾರ್ಜರ್ ಸಹ ಇಂತಹ ಉಪದ್ರವ ಕೊಡುವುದುಂಟು. ಅದನ್ನು ಕಿತ್ತು ನೋಡಬೇಕು. ಆಮೇಲೆ ರೇಡಿಯೊದ ಹಿಂದಿನ ಆಂಟೆನಾ ವೈರನ್ನು ಕಳಚಬೇಕು. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿದೆ. ಆಂಟೆನಾದ ಬುಡದ ತುಕ್ಕನ್ನು ಪರೀಕ್ಷಿಸಬೇಕು. ನಿಲ್ಲದಿದ್ದರೆ ವಿದ್ಯುತ್ ತಂತಿಗಳ ಮೂಲಕ ಬರುತ್ತಿದೆ ಎಂದರ್ಥ.

ಶಿಡ್ಲಘಟ್ಟದ ಅವರ ಮನೆಯಂಗಳದಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿಟ್ಟು ರೇಡಿಯೊ ಹೊರತೆಗೆದೆವು. ಅದರ ಕಪ್ಪು ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೆ, ತುಕ್ಕು ಹಿಡಿದ ಸ್ಕ್ರೂವಿಗೆ ಸಿಕ್ಕಿಸಿದ್ದರು. ವಿದ್ಯುತ್ತು ಬಂದ ದಾರಿಯಿದ್ದಂತೆ ಹಿಂತಿರುಗುವ ದಾರಿಯೂ ಬೇಕು. ಕಾರಿಗೆ ಆ ದಾರಿ ಅದರ ಲೋಹದ ಮೈಯೇ. ಟೈರಿನ ಮೇಲೆ ನಿಂತ ವಾಹನಕ್ಕೆ ನೆಲದ ಸಂಪರ್ಕವಿಲ್ಲದಿದ್ದರೂ ಅದನ್ನೇ 'ಅರ್ಥ್' ಎಂದು ಕರೆಯುವುದು ವಾಡಿಕೆ. ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವ ಲೋಹಕ್ಕೆ ತಂತಿಯನ್ನು ಬಿಗಿದೆವು. ಗರಗರ ನಿಂತಿತು.

ಎಂಜಿನ್ ಆರಿಸಿದರೂ ಸದ್ದು ಉಳಿದರೆ ಅದು ಹೊರಗಿನದಿರಬಹುದು: ಸಡಿಲಗೊಂಡ ವಿದ್ಯುತ್ ಕಂಬದ ಕಿಡಿ, ದೂರದ ಗುಡುಗು ಸಿಡಿಲು. ಅದಕ್ಕೂ ಆಚೆಯ ಸದ್ದೂ ಉಂಟು. ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರು ರೇಡಿಯೊ ದೂರವಾಣಿಗೆ ಅಡ್ಡಿಯಾಗುತ್ತಿದ್ದ ಗರಗರದ ಮೂಲ ಹುಡುಕಹೋಗಿ, ಅದರಲ್ಲೊಂದು ಪಾಲು ಆಕಾಶಗಂಗೆಯಿಂದ ಬರುತ್ತಿದೆಯೆಂದು 1933ರಲ್ಲಿ ಪ್ರಕಟಿಸಿದರು. ರೇಡಿಯೊ ಖಗೋಳಶಾಸ್ತ್ರ ಹುಟ್ಟಿದ್ದು ಹಾಗೆ. ನಮ್ಮ ಗೌರಿಬಿದನೂರಿನ ಬಳಿಯೇ 1970ರ ದಶಕದಲ್ಲಿ 34.5 ಮೆಗಾಹರ್ಟ್ಸ್ ತರಂಗಗಳನ್ನು ಆಲಿಸಲು 1000 ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನಿಲ್ಲಿಸಲಾಯಿತು. ಸೂರ್ಯನ ರೇಡಿಯೊ ಚಿತ್ರ ತೆಗೆಯುವ ವ್ಯವಸ್ಥೆ 1997ರಲ್ಲಿ ಅಲ್ಲಿಯೇ ಆರಂಭವಾಯಿತು. ಎಲ್ಲ ಗರಗರವೂ ಸುಮ್ಮನೆ ಸದ್ದಲ್ಲ. ಅದು ಏನನ್ನೋ ತಿಳಿಸುತ್ತಿರುತ್ತದೆ.

ಅಂದು ಮನೆಯೊಳಗೆ ಇನ್ನೊಂದು ಸೂಚನೆ ಕಾದಿತ್ತು. ಮಜ್ಜಿಗೆ ಕೊಡುತ್ತಾ ಗೃಹಿಣಿ ಹೇಳಿದರು: "ಪಂಡಿತರೆ, ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇವರು ಚಪ್ಪಲಿ ಹಾಕಿಕೊಂಡು ಮುಟ್ಟು ಅಂತಾರೆ." ಎದುರಿಗೆ ಅವರ ಮೊಮ್ಮಗು ಬರಿಗಾಲಲ್ಲಿ ಓಡಾಡುತ್ತಿತ್ತು. "ತಾಯಿ, ಇದು ನಗುವ ವಿಷಯವಲ್ಲ" ಎಂದು ಫ್ರಿಜ್ಜಿನ ಸ್ವಿಚ್ ಆರಿಸಿ ಪ್ಲಗ್ ತೆಗೆಸಿದೆ. ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ವಿಚಾರಿಸಲಾಗಿ, ಹಿತ್ತಲಿಗೆ ಟೈಲ್ಸ್ ಹಾಕಿಸುವಾಗ ಅದರ ಮೇಲೆಯೇ ಸಿಮೆಂಟ್ ಬಿದ್ದಿದ್ದು ತಿಳಿಯಿತು. ಮೂರು ಬೇಸಿಗೆಯಿಂದ ಅದಕ್ಕೆ ಹನಿ ನೀರು ಬಿದ್ದಿರಲಿಲ್ಲ.

ಮನೆಯ ಅರ್ಥ್ ನಿಜವಾಗಿಯೂ ಮಣ್ಣೇ. ಸುಮಾರು ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಹೂತು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ ಹಾಕುವುದು ಹಳೆಯ ಪದ್ಧತಿ. ತೇವವಿದ್ದಾಗ ಮಾತ್ರ ಮಣ್ಣು ವಿದ್ಯುತ್ತನ್ನು ಸರಾಗವಾಗಿ ಒಯ್ಯುತ್ತದೆ. ಬಂಡೆಯ ಮೇಲಿನ ತೆಳುಮಣ್ಣಿನ ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಆ ತೇವ ಆರಿಹೋಗುತ್ತದೆ. ಆಗ ಸೋರಿದ ವಿದ್ಯುತ್ತು ಉಪಕರಣದ ಮೈಯಲ್ಲೇ ನಿಂತು, ಮುಟ್ಟಿದವರ ದೇಹವನ್ನು ದಾರಿ ಮಾಡಿಕೊಳ್ಳುತ್ತದೆ.

ಆದಕಾರಣ ಗೃಹಸ್ಥರು ಇಷ್ಟನ್ನು ಮಾಡಬೇಕು. ಗುಂಡಿಯನ್ನು ಮುಚ್ಚದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಬೇಕು. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ಪಿನ್ ಉದ್ದವಾಗಿರುವುದು ಅರ್ಥ್ ಮೊದಲು ಸೇರಿ ಕೊನೆಗೆ ಬಿಡಲೆಂದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕಬಾರದು. ಹಳೆಯ ಕಬ್ಬಿಣದ ನಲ್ಲಿ ಪೈಪಿಗೆ ಅರ್ಥ್ ಕಟ್ಟಿದ್ದು, ಈಗ ಅದನ್ನು ಪ್ಲಾಸ್ಟಿಕ್ಕಿಗೆ ಬದಲಾಯಿಸಿದ್ದರೆ ಆ ಅರ್ಥ್ ಸತ್ತಿದೆ ಎಂದೇ ತಿಳಿಯಬೇಕು. ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸುವ ಅಡ್ಡದಾರಿಯನ್ನು ಒಪ್ಪಲೇಬಾರದು. ನ್ಯೂಟ್ರಲ್ ತುಂಡಾದ ಗಳಿಗೆ ಉಪಕರಣದ ಮೈಗೆಲ್ಲ ವಿದ್ಯುತ್ತು ಬರುತ್ತದೆ. ಫ್ಯೂಸ್, ಎಂ.ಸಿ.ಬಿ.ಗಳು ಸಣ್ಣ ಸೋರಿಕೆಯನ್ನು ಕಾಣಲಾರವು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಈ ಕೆಲಸಗಳನ್ನು ಲೈಸೆನ್ಸ್ ಉಳ್ಳ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಕಾರಿನ ಹನ್ನೆರಡು ವೋಲ್ಟಿನಲ್ಲಿ ನಡೆಯುವ ಕೈಚಳಕ ಮನೆಯ 230 ವೋಲ್ಟಿನಲ್ಲಿ ನಡೆಯದು.

ಮರುವಾರ ಮಿತ್ರರು ದೂರವಾಣಿಯಲ್ಲಿ ಮಾತನಾಡಿದರು. ಟೈಲ್ಸ್ ಒಡೆಸಿ ಹೊಸ ಗುಂಡಿ ತೋಡಿಸಿದ್ದರು, ಫ್ರಿಜ್ಜಿನ ಸೋರಿಕೆಯನ್ನೂ ಸರಿಪಡಿಸಿದ್ದರು. "ರೇಡಿಯೊ ಕೆಟ್ಟದ್ದೇ ಒಳ್ಳೆಯದಾಯಿತು" ಎಂದರು. ಕಿವಿಗೆ ಕಿರಿಕಿರಿಯಾದರೆ ಅಂದೇ ಸರಿಪಡಿಸಿಕೊಳ್ಳುವ ನಾವು, ಕೈ ಜುಮ್ಮೆಂದರೆ ಚಪ್ಪಲಿ ಹುಡುಕುತ್ತೇವೆ. ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಈ ಹೊತ್ತೇ ಒಮ್ಮೆ ನೋಡಿ ಬನ್ನಿ.