ಯುವ ತಂತ್ರಾಸಕ್ತರ ಉಪಕರಣಗಳೂ ಸಣ್ಣ ಕೈಗಾರಿಕೆಗಳ ಹಿತವೂ

ಮಗನಿಗೋ ಮಗಳಿಗೋ ತಂತ್ರಜ್ಞಾನದಲ್ಲಿ ಒಲವಿದೆಯೆಂದು ತಿಳಿದೊಡನೆ ವ್ಯಾಪಾರಿ ಕುಟುಂಬಗಳಲ್ಲಿ ಮೊದಲು ನಡೆಯುವ ಖರೀದಿಯೆಂದರೆ ದುಬಾರಿ ಲ್ಯಾಪ್‌ಟಾಪ್ ಅಥವಾ ಹೊಸ ಮಾದರಿಯ ಸ್ಮಾರ್ಟ್‌ಫೋನ್. ಈ ಖರೀದಿಯ ಹಿಂದಿರುವ ವಾತ್ಸಲ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಅದರಿಂದ ಮಕ್ಕಳ ಆಸಕ್ತಿ ಬಲಿತು ವಿದ್ಯೆಯಾಗುವುದೇ ಎಂಬುದು ಚಿಂತಿಸಬೇಕಾದ ವಿಷಯ. ಅಂಟು ಹಾಕಿ ಮುಚ್ಚಿದ ಇಂದಿನ ಫೋನು ಬಳಕೆಯನ್ನು ಕಲಿಸೀತು. ಒಳಗೆ ನಡೆಯುವ ಕ್ರಿಯೆಯನ್ನು ತೋರಿಸಲಾರದು.

ಇತ್ತ ಪೀಣ್ಯವಿರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಸಣ್ಣ ಕೈಗಾರಿಕೆಗಳನ್ನು ನಡೆಸುವವರಿಗೆ ಚಿರಪರಿಚಿತವಾದ ಸಂಕಟವೊಂದಿದೆ. ಯಂತ್ರದ ನಿಯಂತ್ರಣ ಫಲಕದಲ್ಲಿ ಸಣ್ಣದೊಂದು ದೋಷ ಕಾಣಿಸಿಕೊಂಡರೆ ಉತ್ಪಾದನೆ ನಿಲ್ಲುತ್ತದೆ. ಕಂಪನಿಯ ಸರ್ವಿಸ್ ಇಂಜಿನಿಯರ್ ಬರುವವರೆಗೆ ಕಾಯಬೇಕು. ಬಂದ ಮೇಲೆ ಭೇಟಿಯ ಶುಲ್ಕ ತೆರಬೇಕು. ಎಷ್ಟೋ ವೇಳೆ ಕಾರಣ ಸಡಿಲವಾದ ಒಂದು ತಂತಿ ಅಥವಾ ಸುಟ್ಟ ಒಂದು ಫ್ಯೂಸ್ ಆಗಿರುತ್ತದೆ. ಪದವೀಧರರಿಗೆ ಕೊರತೆಯಿಲ್ಲದ ನಾಡಿನಲ್ಲಿ ಇಂತಹ ದೋಷವನ್ನು ಹುಡುಕಬಲ್ಲ ಕೈಗಳಿಗೆ ಕೊರತೆಯಿದೆ. ಮನೆಯಲ್ಲಿ ಕೊಡಿಸುವ ಸಾಧನಕ್ಕೂ ಶೆಡ್ಡಿನಲ್ಲಿ ನಿಂತ ಯಂತ್ರಕ್ಕೂ ಇರುವ ನಂಟನ್ನು ವಾಣಿಜ್ಯೋದ್ಯಮಿಗಳು ಗುರುತಿಸುವುದು ಅಗತ್ಯ. ಅಳೆಯಲು, ಬೆಸೆಯಲು, ಬಿಚ್ಚಿ ಮತ್ತೆ ಜೋಡಿಸಲು ಕಲಿತ ಯುವಜನರೇ ನಾಳೆ ಈ ಕೊರತೆಯನ್ನು ತುಂಬಬೇಕಾದವರು.

ಅಳೆಯುವ ಸಾಧನವೇ ಮೊದಲು

ತಂತ್ರಾಸಕ್ತ ವಿದ್ಯಾರ್ಥಿಯೊಬ್ಬನಿಗೆ ಕೊಡಿಸಬೇಕಾದ ಮೊದಲ ಸಾಧನ ಡಿಜಿಟಲ್ ಮಲ್ಟಿಮೀಟರ್. ವೋಲ್ಟೇಜ್, ವಿದ್ಯುತ್ ಪ್ರವಾಹ, ರೋಧ, ತಂತಿಯ ನಿರಂತರತೆ ಇವನ್ನೆಲ್ಲ ಅಳೆಯುವ ಈ ಸಾಧನ ಕೆಲವು ನೂರು ರೂಪಾಯಿಗಳಿಗೇ ದೊರೆಯುತ್ತದೆ. ಆದರೆ ಒಂದು ಎಚ್ಚರಿಕೆ ಸಲ್ಲುತ್ತದೆ. ಅಗ್ಗದ ಮೀಟರು 5 ಅಥವಾ 12 ವೋಲ್ಟಿನ ಬ್ಯಾಟರಿ ಮಂಡಲಗಳಿಗೆ ಸಾಕು. 230 ವೋಲ್ಟಿನ ಮನೆ ವಿದ್ಯುತ್ತಾಗಲಿ, 415 ವೋಲ್ಟಿನ ತ್ರೀ ಫೇಸ್ ಪ್ಯಾನೆಲ್ ಆಗಲಿ ಮುಟ್ಟಬೇಕಾದರೆ ಒಳಗೆ ಸರಿಯಾದ ಫ್ಯೂಸ್ ಇರುವ, ‘ಕ್ಯಾಟ್ 3’ ಸುರಕ್ಷತಾ ದರ್ಜೆಯ ಮೀಟರೇ ಬೇಕು. ಪ್ರವಾಹ ಅಳೆದು ಪ್ರೋಬನ್ನು ಆಂಪಿಯರ್ ರಂಧ್ರದಲ್ಲಿಯೇ ಬಿಟ್ಟು, ಮರೆತು ಅದನ್ನು ಮೇನ್ಸ್‌ಗೆ ಹಚ್ಚುವುದು ಕಲಿಯುವವರು ಮಾಡುವ ಅತ್ಯಂತ ಅಪಾಯಕಾರಿ ತಪ್ಪು. ಅದು ನೇರ ಶಾರ್ಟ್ ಸರ್ಕ್ಯೂಟ್. ಹದಿಹರೆಯದವರ ಕಲಿಕೆ ಬ್ಯಾಟರಿಯ ಮಿತಿಯೊಳಗೇ ನಡೆಯತಕ್ಕದ್ದು.

ಎರಡನೆಯದು ಸೋಲ್ಡರಿಂಗ್ ಐರನ್. ತವರ 63 ಮತ್ತು ಸೀಸ 37 ಪಾಲಿರುವ ಬೆಸುಗೆ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಆದ್ದರಿಂದ ಹೊಸಬರಿಗೆ ಮೊದಲನೆಯದು ಸುಲಭ. ಸೀಸ ವಿಷಕಾರಿಯಾದುದರಿಂದ ಕೆಲಸದ ಬಳಿಕ ಕೈತೊಳೆಯುವುದೂ ಕಿಟಕಿ ತೆರೆದಿಡುವುದೂ ನಿಯಮವಾಗಬೇಕು. ಬೆಸುಗೆಯನ್ನಷ್ಟೇ ಕಾಯಿಸಿ, ಜೋಡಣೆಯ ಲೋಹವನ್ನು ಕಾಯಿಸದೆ ಬಿಟ್ಟರೆ ಕೂಡಿದಂತೆ ಕಂಡೂ ಕೂಡದ ‘ಡ್ರೈ ಜಾಯಿಂಟ್’ ಉಂಟಾಗುತ್ತದೆ. ಸದಾ ಅದುರುವ ಯಂತ್ರದಲ್ಲಿ ಒಮ್ಮೆ ಇದ್ದು ಒಮ್ಮೆ ಮಾಯವಾಗುವ ದೋಷಗಳ ಒಂದು ಮೂಲ ಇದೇ. ಅದನ್ನು ಕೈಯಾರೆ ಮಾಡಿ, ಕೈಯಾರೆ ತಿದ್ದಿದವರು ಮುಂದೆ ಕಣ್ಣಂದಾಜಿನಲ್ಲೇ ಗುರುತಿಸಬಲ್ಲರು.

ಇವುಗಳ ಜೊತೆಗೆ ಸ್ಕ್ರೂಡ್ರೈವರ್‌ಗಳ ಒಂದು ಸೆಟ್, ತಂತಿ ಸುಲಿಯುವ ಸ್ಟ್ರಿಪ್ಪರ್, ಬೆಸುಗೆಯಿಲ್ಲದೆ ಪ್ರಯೋಗ ಮಾಡಲು ಬ್ರೆಡ್‌ಬೋರ್ಡ್, 0.02 ಮಿಲಿಮೀಟರಿನವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ಆರಂಭಕ್ಕೆ ಸಾಕು. ವರ್ನಿಯರ್ ಓದಲು ಬಾರದ ತಂತ್ರಜ್ಞನಿಗೆ ವರ್ಕ್‌ಶಾಪಿನಲ್ಲಿ ಬೆಲೆಯಿಲ್ಲ. ಇಷ್ಟನ್ನೂ ಕೂಡಿಸಿದರೂ ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಬೆಲೆ ಮೀರದು.

ಸಣ್ಣ ಗಣಕ, ಹಳೆಯ ಗಣಕ

ಉಪಕರಣಗಳ ನಂತರದ ಮೆಟ್ಟಿಲು ಮೈಕ್ರೋಕಂಟ್ರೋಲರ್. ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯಲ್ಲಿ 2005ರಲ್ಲಿ, ಇಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೋ ಇಂದಿಗೂ ಕಲಿಕೆಗೆ ಅತ್ಯಂತ ಯೋಗ್ಯ. ಅದರ ‘ಯುನೋ’ ಎಂಬ ಪ್ರಸಿದ್ಧ ಫಲಕದಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್ ಜಾಗವಷ್ಟೇ ಇತ್ತು. ಈ ಮಿತಿ ವಿದ್ಯಾರ್ಥಿಗೆ ಮಿತವ್ಯಯವನ್ನು ಕಲಿಸಿತು. ಪ್ರೋಗ್ರಾಮಿನ ಒಂದೊಂದು ಸಾಲೂ ಒಂದು ಮೋಟಾರನ್ನೋ ದೀಪವನ್ನೋ ನಡೆಸುವುದನ್ನು ಕಣ್ಣಾರೆ ತೋರಿಸಿತು. ವಿನ್ಯಾಸವು ಮುಕ್ತವಾಗಿರುವುದರಿಂದ ಹಲವು ತಯಾರಕರು ಹೊಂದುವ ಫಲಕಗಳನ್ನು ಅಗ್ಗವಾಗಿ ಒದಗಿಸುತ್ತಿದ್ದಾರೆ. ಬ್ರಿಟನ್ನಿನಲ್ಲಿ 2012ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಇದಕ್ಕಿಂತ ಮುಂದಿನ ಹಂತ; ಅದು ಲಿನಕ್ಸ್ ನಡೆಸುವ ಪರಿಪೂರ್ಣ ಗಣಕ.

ದೊಡ್ಡ ಗಣಕಕ್ಕಾಗಿ ಹೊಸದನ್ನೇ ಕೊಳ್ಳಬೇಕೆಂದಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಒಪ್ಪದ ಗಣಕಗಳು ಅನೇಕ ಅಂಗಡಿ, ಕಚೇರಿಗಳ ಮೂಲೆ ಸೇರಿವೆ. ಲೆಕ್ಕಪತ್ರದ ಕೆಲಸಕ್ಕೆ ಅವು ಸಲ್ಲದಿದ್ದರೂ ಲಿನಕ್ಸ್ ಹಾಕಿಕೊಂಡು ಕಲಿಯುವ ವಿದ್ಯಾರ್ಥಿಗೆ ಹಲವು ವರ್ಷ ಒದಗಬಲ್ಲವು. ಕೊಡುವ ಮುನ್ನ ಹಾರ್ಡ್ ಡಿಸ್ಕಿನಲ್ಲಿರುವ ಗ್ರಾಹಕರ ಲೆಕ್ಕ, ಜಿಎಸ್‌ಟಿ ಪಾಸ್‌ವರ್ಡ್ ಮುಂತಾದ ಮಾಹಿತಿಯನ್ನು ಪೂರ್ಣವಾಗಿ ಅಳಿಸಬೇಕು. ಕೇವಲ ಡಿಲೀಟ್ ಮಾಡುವುದು ಸಾಲದು.

ಕೊಂಡು ತರಲಾಗದ ಕೌಶಲಗಳು

ಸಾಧನಗಳನ್ನು ಒಂದೇ ದಿನದಲ್ಲಿ ಕೊಡಿಸಬಹುದು. ಕೌಶಲಕ್ಕೆ ವರ್ಷಗಳು ಬೇಕು. ಅವುಗಳಲ್ಲಿ ಮೊದಲನೆಯದು ಕ್ರಮಬದ್ಧವಾಗಿ ದೋಷ ಹುಡುಕುವುದು. ಯಂತ್ರ ನಿಂತಾಗ ಅನುಮಾನ ಬಂದ ಭಾಗಗಳನ್ನೆಲ್ಲ ಬದಲಿಸುತ್ತ ಹೋಗುವವರು ಮಾಲೀಕರ ಹಣವನ್ನು ಕರಗಿಸುತ್ತಾರೆ. ವಿದ್ಯುತ್ ಬರುತ್ತಿದೆಯೇ, ಸೆನ್ಸರ್ ಸಂಕೇತ ಕೊಡುತ್ತಿದೆಯೇ, ನಿಯಂತ್ರಕ ಅದನ್ನು ಓದುತ್ತಿದೆಯೇ, ಆಜ್ಞೆ ಮೋಟಾರನ್ನು ತಲಪುತ್ತಿದೆಯೇ ಎಂದು ಮಧ್ಯದಿಂದ ಅರ್ಧರ್ಧ ಮಾಡಿ ನೋಡುವವರು ಕೆಲವೇ ಅಳತೆಗಳಲ್ಲಿ ದೋಷದ ತಾಣ ಮುಟ್ಟುತ್ತಾರೆ.

ಎರಡನೆಯದು ಡೇಟಾಶೀಟ್ ಮತ್ತು ಕೈಪಿಡಿಗಳನ್ನು ಓದುವುದು. ಇವು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹಿಂಜರಿಯುವುದುಂಟು. ಆದರೆ ಅಲ್ಲಿನ ಭಾಷೆ ಸಾಹಿತ್ಯದ ಭಾಷೆಯಲ್ಲ. ಕೆಲವು ನೂರು ಪಾರಿಭಾಷಿಕ ಪದಗಳು ಪರಿಚಯವಾದರೆ ಹೆದರಿಕೆ ಹೋಗುತ್ತದೆ. ಮೂರನೆಯದು ಪೈಥಾನ್‌ನಂತಹ ಒಂದು ಪ್ರೋಗ್ರಾಮಿಂಗ್ ಭಾಷೆ ಮತ್ತು ಸ್ಪ್ರೆಡ್‌ಶೀಟ್. ದಾಸ್ತಾನು ಪಟ್ಟಿಯನ್ನು ಹೊಂದಿಸುವ, ಯಂತ್ರದ ಅಳತೆಗಳನ್ನು ದಿನವಾರು ಜೋಡಿಸುವ ಸಣ್ಣ ಪ್ರೋಗ್ರಾಂ ಬರೆಯಬಲ್ಲ ಯುವಕ ಅಂಗಡಿಗೂ ಕಾರ್ಖಾನೆಗೂ ಬೇಕಾದವನು. ನಾಲ್ಕನೆಯದು ಮಾಡಿದ ಕೆಲಸವನ್ನು ಬರೆದಿಡುವ ಅಭ್ಯಾಸ. ಯಾವ ದಿನ ಯಾವ ದೋಷ, ಏನು ಅಳತೆ, ಯಾವ ಭಾಗ ಬದಲು ಎಂಬ ದಿನಚರಿ ಕನ್ನಡದಲ್ಲಿದ್ದರೆ ಮುಂದಿನ ಪಾಳಿಯವರಿಗೂ ಅರ್ಥವಾಗುತ್ತದೆ.

ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಳಕೆಗೆ ಬಂದ ಮೇಲೆ, ಪ್ರೋಗ್ರಾಂ ಬರೆಯುವುದನ್ನು ಯಂತ್ರವೇ ಮಾಡುವಾಗ ಕಲಿಯುವುದೇಕೆ ಎಂಬ ಮಾತು ಕೇಳಿಬರುತ್ತಿದೆ. ಪ್ರೆಸ್ ಯಂತ್ರದ ಪಕ್ಕದಲ್ಲಿ ನಿಂತು ಯೋಚಿಸಿದರೆ ಉತ್ತರ ಹೊಳೆಯುತ್ತದೆ. ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಜಖಂ ಆಗುವುದು ಕಾರ್ಮಿಕರ ಬೆರಳು. ಕೃತಕ ಬುದ್ಧಿಮತ್ತೆಯ ನೆರವು ಪಡೆಯುವುದು ತಪ್ಪಲ್ಲ. ಬಂದ ಉತ್ತರವನ್ನು ಪರೀಕ್ಷಿಸುವ ಅರಿವಿಲ್ಲದೆ ಯಂತ್ರಕ್ಕೆ ಉಣಿಸುವುದು ಅಕ್ಷಮ್ಯ.

ಕಾರ್ಖಾನೆಯ ಭಾಷೆ

ಮನೆಯ ಮೇಜಿನ ಮೇಲೆ ಕಲಿತದ್ದು ಕಾರ್ಖಾನೆಗೆ ಒದಗಬೇಕಾದರೆ ಕೆಲವು ಸಂಪ್ರದಾಯಗಳ ಪರಿಚಯ ಬೇಕು. ಕೈಗಾರಿಕಾ ಸೆನ್ಸರ್‌ಗಳು ಅಳತೆಯನ್ನು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಪ್ರವಾಹವಾಗಿ ಕಳುಹಿಸುತ್ತವೆ. ಸೊನ್ನೆಯ ಬದಲು ನಾಲ್ಕರಿಂದ ಆರಂಭಿಸುವುದಕ್ಕೆ ಕಾರಣವಿದೆ: ಪ್ರವಾಹ ಸೊನ್ನೆಗೆ ಇಳಿದರೆ ತಂತಿಯೇ ತುಂಡಾಗಿದೆ ಎಂಬುದು ತಕ್ಷಣ ತಿಳಿಯುತ್ತದೆ. ಮಾಡಿಕಾನ್ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಮಾಡ್‌ಬಸ್ ಎಂಬ ಸಂವಹನ ವಿಧಾನ ಇಂದಿಗೂ ವಿದ್ಯುತ್ ಮೀಟರುಗಳಲ್ಲಿ, ಮೋಟಾರ್ ಡ್ರೈವ್‌ಗಳಲ್ಲಿ ಜೀವಂತವಾಗಿದೆ. ಆರ್ಡುಯಿನೋ ಬಲ್ಲ ವಿದ್ಯಾರ್ಥಿ ಇವನ್ನು ಕೆಲವು ವಾರಗಳಲ್ಲಿ ಕಲಿಯಬಲ್ಲ.

ಇನ್ನೊಂದು ಉದಾಹರಣೆ ಮಾಲೀಕರ ಗಮನಕ್ಕೆ ಅರ್ಹ. ಅನೇಕ ಹಳೆಯ ಸಿಎನ್‌ಸಿ ಯಂತ್ರಗಳ ನಿಯಂತ್ರಕದಲ್ಲಿ ಪ್ಯಾರಾಮೀಟರ್‌ಗಳು ಒಂದು ಸಣ್ಣ ಬ್ಯಾಟರಿಯ ಆಸರೆಯಲ್ಲಿ ಉಳಿದಿರುತ್ತವೆ. ಎಚ್ಚರಿಕೆಯ ಸೂಚನೆಯನ್ನು ಕಡೆಗಣಿಸಿ ಬ್ಯಾಟರಿ ಬರಿದಾಗಲು ಬಿಟ್ಟರೆ, ಅಥವಾ ಯಂತ್ರ ಆರಿಸಿದ ಸ್ಥಿತಿಯಲ್ಲಿ ಅದನ್ನು ತೆಗೆದರೆ ಆ ಮಾಹಿತಿ ಅಳಿಸಿಹೋಗಿ ಯಂತ್ರ ಜಡವಾಗಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಅಗ್ಗದ ಕೇಬಲ್ಲೊಂದನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ ಪ್ಯಾರಾಮೀಟರ್‌ಗಳ ನಕಲನ್ನು ಮೊದಲೇ ತೆಗೆದಿಟ್ಟರೆ ಈ ನಷ್ಟ ತಪ್ಪುತ್ತದೆ. ಕೈಪಿಡಿ ಓದಬಲ್ಲ ಆಸಕ್ತ ಯುವಕನೊಬ್ಬ ಅನುಭವಿ ಆಪರೇಟರ್ ಸಮ್ಮುಖದಲ್ಲಿ ಮಾಡಬಹುದಾದ ಕೆಲಸವಿದು.

‘ಕಲಿತವರು ಬಿಟ್ಟು ಹೋಗುತ್ತಾರೆ’

ಯುವಜನರಿಗೆ ಕಲಿಸುವ ಮಾತು ಬಂದಾಗ ಸಣ್ಣ ಉದ್ಯಮಿಗಳಿಂದ ಬರುವ ಆಕ್ಷೇಪ ಒಂದೇ: ಕಲಿಸಿದ ಮೇಲೆ ದೊಡ್ಡ ಕಂಪನಿಗೆ ಹೊರಟುಹೋಗುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ದೊಡ್ಡ ಸಂಸ್ಥೆಗಳ ಸಂಬಳವನ್ನು ಸಣ್ಣ ಶೆಡ್ಡು ಸರಿಗಟ್ಟಲಾರದು. ಆದರೆ ಯಾರಿಗೂ ಕಲಿಸದೆ ಉಳಿದರೆ ಪ್ರತಿಯೊಂದು ದೋಷಕ್ಕೂ ಹೊರಗಿನವರಿಗೆ ಕಾಯುವ ಸ್ಥಿತಿ ಶಾಶ್ವತವಾಗುತ್ತದೆ. ಬಿಟ್ಟುಹೋದವರಲ್ಲಿ ಕೆಲವರು ಸ್ವಂತ ರಿಪೇರಿ ಕೇಂದ್ರ ತೆರೆದು ಅದೇ ವಸಾಹತುವಿನಲ್ಲಿ ನೆಲೆಸಿದರೂ ಲಾಭ ಎಲ್ಲರಿಗೂ ಹಂಚಿಕೆಯಾಗುತ್ತದೆ.

ಕಾನೂನಿನ ನೆರವೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳ ನೇಮಕ ಕಡ್ಡಾಯ. 4ರಿಂದ 29 ಮಂದಿ ಇರುವವರಿಗೆ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರ ನಿಗದಿತ ಮಿತಿಯೊಳಗೆ ಶಿಷ್ಯವೇತನದ ಒಂದು ಪಾಲನ್ನು ಭರಿಸುತ್ತದೆ. ಐಚ್ಛಿಕ ವರ್ಗದ ಸಣ್ಣ ಘಟಕಗಳು ಈ ಅವಕಾಶವನ್ನು ಅಗ್ಗದ ಕೂಲಿಯ ದಾರಿಯೆಂದು ಕಾಣದೆ ತಮ್ಮದೇ ನಿರ್ವಹಣಾ ಸಿಬ್ಬಂದಿಯನ್ನು ಬೆಳೆಸುವ ದಾರಿಯೆಂದು ಕಾಣಬೇಕು.

ವರ್ತಕರ ಹೊಣೆ

ಈ ಕಾರ್ಯದಲ್ಲಿ ವರ್ತಕರ ಪಾತ್ರ ಕಿರಿದಲ್ಲ. ಬೆಂಗಳೂರಿನ ಸಾದರ ಪಟ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡ್, ಇಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಒಂದು ಪಾಠಶಾಲೆಯೇ ಆಗಿದೆ. ಒಂದೇ ಒಂದು ರೆಸಿಸ್ಟರ್ ಬೇಕೆಂದು ಬರುವ ವಿದ್ಯಾರ್ಥಿಯನ್ನು ಗದರಿಸದೆ ಮಾತನಾಡಿಸುವ ಅಂಗಡಿಯವನಿಗೆ ಮುಂದಿನ ಹತ್ತು ವರ್ಷದ ಗಿರಾಕಿ ಸಿಕ್ಕಂತೆ. ಆದರೆ ನಕಲಿ ಐಸಿ, ಹಳೆಯ ಫಲಕದಿಂದ ಕಿತ್ತು ಹೊಸದೆಂದು ಮಾರುವ ಬಿಡಿಭಾಗ, ಸಾಮರ್ಥ್ಯವನ್ನು ಉಬ್ಬಿಸಿ ಮುದ್ರಿಸಿದ ಬ್ಯಾಟರಿ ಇವು ಕಲಿಯುವವರ ಉತ್ಸಾಹವನ್ನೇ ಕುಂದಿಸುತ್ತವೆ. ತನ್ನ ಜೋಡಣೆ ತಪ್ಪೋ ಬಿಡಿಭಾಗವೇ ಕೆಟ್ಟದ್ದೋ ಎಂದು ಹೊಸಬ ತಿಳಿಯಲಾರ. ಲಿಥಿಯಂ ಬ್ಯಾಟರಿಯ ವಿಷಯದಲ್ಲಂತೂ ಇದು ಬೆಂಕಿಯ ಅಪಾಯ. ಇವುಗಳಿಗೆ ಐಎಸ್ 16046 ಮಾನಕವಿದ್ದು, ಬಿಐಎಸ್ ನೋಂದಣಿ ಗುರುತಿರುವ ಸರಕನ್ನೇ ಬಿಲ್ ಸಹಿತ ಮಾರುವುದು ವರ್ತಕರ ಗೌರವಕ್ಕೂ ತಕ್ಕದ್ದು.

ಸಂಘಗಳು ಕೈಗೊಳ್ಳಬೇಕಾದ ಕ್ರಮ

ಸೌಲಭ್ಯಗಳೇ ಇಲ್ಲವೆನ್ನುವಂತಿಲ್ಲ. ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭಿಸಿದ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನವಿತ್ತು. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳು ಮೇಲ್ದರ್ಜೆಗೇರಿ 2022ರ ಜೂನ್‌ನಲ್ಲಿ ಲೋಕಾರ್ಪಣೆಗೊಂಡವು. ಜಿಟಿಟಿಸಿ ಕೇಂದ್ರಗಳೂ ಇವೆ. ಆದರೆ ಯಂತ್ರಗಳು ಬೀಗದ ಒಳಗೆ ಹೊಳೆಯುತ್ತ ನಿಂತರೆ ಪ್ರಯೋಜನವಿಲ್ಲ. ಪ್ರಯೋಗಾಲಯದಲ್ಲಿ ಎಲ್ಲವೂ ಸರಿಯಿರುತ್ತದೆ. ಕೆಟ್ಟುನಿಂತ ಯಂತ್ರ ಸಿಗುವುದು ಕಾರ್ಖಾನೆಯಲ್ಲಿ.

ಆದುದರಿಂದ ಜಿಲ್ಲಾ ಮಟ್ಟದ ವಾಣಿಜ್ಯ ಹಾಗೂ ಕೈಗಾರಿಕಾ ಸಂಘಗಳು ಮೂರು ಕೆಲಸ ಮಾಡಬಹುದು. ಸದಸ್ಯರ ಬಳಿ ಇರುವ ಕೆಟ್ಟ ಡ್ರೈವ್, ಹಳೆಯ ನಿಯಂತ್ರಕ, ಉಪಯೋಗಿಸದ ಗಣಕಗಳನ್ನು ಸಂಗ್ರಹಿಸಿ ಸಮೀಪದ ಶಾಲೆ ಮತ್ತು ಐಟಿಐಗಳಿಗೆ ಕೊಡುವುದು ಒಂದು. ತಿಂಗಳಿಗೊಂದು ಶನಿವಾರ, ಯಂತ್ರಗಳು ಆರಿರುವ ವೇಳೆಯಲ್ಲಿ, ಮೇಲ್ವಿಚಾರಕರ ಸಮ್ಮುಖದಲ್ಲಿ ವಿದ್ಯಾರ್ಥಿಗಳಿಗೆ ಕಾರ್ಖಾನೆಯ ಬಾಗಿಲು ತೆರೆಯುವುದು ಎರಡು. ನೇಮಕಾತಿಯ ವೇಳೆ ಅಂಕಪಟ್ಟಿಯ ಜೊತೆಗೆ ಒಂದು ಕೆಟ್ಟ ಫಲಕವನ್ನೂ ಮಲ್ಟಿಮೀಟರನ್ನೂ ಮುಂದಿಟ್ಟು ಅರ್ಧ ಗಂಟೆ ಪರೀಕ್ಷಿಸುವುದು ಮೂರು. ಮೂರನೆಯದಕ್ಕೆ ಖರ್ಚೇ ಇಲ್ಲ. ಆದರೆ ಅದರ ಸುದ್ದಿ ಕಾಲೇಜುಗಳಿಗೆ ಹರಡಿದರೆ ವಿದ್ಯಾರ್ಥಿಗಳೂ ಪೋಷಕರೂ ಏನನ್ನು ಕೊಳ್ಳಬೇಕು, ಏನನ್ನು ಕಲಿಯಬೇಕು ಎಂಬುದು ತಾನಾಗಿಯೇ ಬದಲಾಗುತ್ತದೆ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನವೇ ಸಂಘಗಳು ಈ ದಿಸೆಯಲ್ಲಿ ಕಾರ್ಯೋನ್ಮುಖವಾಗುವುದು ಉಚಿತ.