ಗೋಡೆಯ ಕ್ಯಾಲೆಂಡರೂ ಮೊಬೈಲಿನ ಕೆಲಸದ ಪಟ್ಟಿಯೂ

ಚಾಮರಾಜಪೇಟೆಯ ಮಗ್ಗುಲಿನ ಮೈಸೂರು ರಸ್ತೆಯಲ್ಲಿ 1916ನೆಯ ಇಸವಿಯಲ್ಲಿ ಸ್ಥಾಪಿತವಾದ ಬೆಂಗಳೂರು ಪ್ರೆಸ್ಸಿನ ಗೋಡೆ ಕ್ಯಾಲೆಂಡರನ್ನು ಅರಿಯದ ಮನೆ ಹಳೆಯ ಮೈಸೂರು ಸೀಮೆಯಲ್ಲಿ ವಿರಳ. ಬಿಳಿಯ ಕಾಗದ, ದಪ್ಪನಾದ ಕರಿಯ ಅಂಕಿ, ರಜಾ ದಿನಗಳಿಗೆ ಕೆಂಪು. ನೋಟಕ್ಕೆ ಬೋಳೆಂದು ಮೂಗುಮುರಿಯುವವರುಂಟು. ಮುದುಕರಾದರೋ ನಡುಮನೆಯ ಆಚೆಯಿಂದಲೇ ತಾರೀಖು ತಿಳಿದುಕೊಳ್ಳುವರು.

ಒಕ್ಕಲುಮನೆಗಳಲ್ಲಿ ಗೋಡೆಯ ಕ್ಯಾಲೆಂಡರೇ ಕೆಲಸದ ದಫ್ತರವೂ ಹೌದು. ಡೈರಿಗೆ ಹಾಕಿದ ಹಾಲು, ಕೂಲಿಯಾಳುಗಳ ಹಾಜರಿ, ರಾಗಿಯ ಒಟ್ಲು ಚೆಲ್ಲಿದ ದಿನ, ಎಲ್ಲವೂ ಪೆನ್ಸಿಲಿನಿಂದ ಆಯಾ ಚೌಕದಲ್ಲಿ ದಾಖಲಾಗುತ್ತವೆ. ಗಬ್ಬ ನಿಲ್ಲದ ಹಸು ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುವುದಷ್ಟೆ. ಗರ್ಭಧಾರಣೆ ಮಾಡಿಸಿದ ಗುರುವಾರಕ್ಕೆ ಗುರುತು ಹಾಕಿದವನು ಗುರುವಾರದ ಸಾಲಿನಲ್ಲೇ ಮುಂದಿನ ಮೂರನೆಯ ಚೌಕಕ್ಕೆ ಬೆರಳಿಟ್ಟರಾಯಿತು, ಎಣಿಕೆಯೇ ಬೇಡ. (ತಿಂಗಳು ಮುಗಿದರೆ ಹಾಳೆ ತಿರುವಬೇಕೆಂಬುದು ನಿಜ.) ರಾಗಿಯ ಪೈರು ಕಿತ್ತು ನೆಡುವುದಕ್ಕೂ ಈ ಮೂರು ವಾರದ ಲೆಕ್ಕವೇ ಒದಗುವುದು.

2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಂದಿನಿಂದ ಆ್ಯಪೆಂಬುದು ಹಳ್ಳಿಗೆ ಹೊಸತಲ್ಲ. ಬೇಸಾಯದ ಕೆಲಸಗಳನ್ನು ನೆನಪಿಸುವ ಆ್ಯಪುಗಳೂ ಈಗ ಇವೆ. ಆದರೆ ಕೆಲವುಗಳಲ್ಲಿ ಬಿಳಿಯ ನೆಲದ ಮೇಲೆ ಬೂದಿಬಣ್ಣದ ಸಣ್ಣಕ್ಷರ. ಹೊಲದ ಬಿಸಿಲಿನಲ್ಲಿ ಓದಲಾಗದು. ಕೆಲಸಗಳು ಒಂದರ ಕೆಳಗೊಂದು ಪಟ್ಟಿಯಾಗಿ ನಿಂತು, ವಾರದ ಚೌಕಗಳೇ ಕಾಣವು. ಮುಗಿದ ಕೆಲಸವಂತೂ ಪರದೆಯಿಂದ ಮಾಯವಾಗುತ್ತದೆ. ಬೆದೆಯ ಲೆಕ್ಕಕ್ಕೆ ಬೇಕಾದುದು ಆ ಮುಗಿದ ದಿನವೇ! ‘ಚೆನ್ನಾಗಿದೆ ಸ್ವಾಮಿ, ಕಾಣೋದಿಲ್ಲ’ ಎಂಬುದೇ ರೈತರ ಉತ್ತರ.

ಇಂಥ ಆ್ಯಪುಗಳನ್ನು ರಚಿಸುವವರು ರೂಪವನ್ನು ನಿಶ್ಚಯಿಸುವ ಮುನ್ನ, ನಡುಹಗಲಿನಲ್ಲಿ ಹೊಲದ ಬದುವಿನ ಮೇಲೆ, ಚಾಳೀಸು ಬಂದ ಕಣ್ಣಿನ ನಾಲ್ಕಾರು ಮಂದಿ ರೈತರ ಕೈಗೆ ಕೊಟ್ಟು ನೋಡಬೇಕೆಂದು ನನ್ನ ಅಭಿಪ್ರಾಯ.