ಕರ್ಣನ ಕವಚಕ್ಕೂ ಡಿಪಾಜಿಟ್ಟು!

ಕರ್ಣ ಹುಟ್ಟುವಾಗಲೇ ಕವಚ ತೊಟ್ಟು ಹುಟ್ಟಿದ. ಅದು ಅವನ ಅದೃಷ್ಟ. ತುಮಕೂರಿನ ಶಾಲಾ ವಾರ್ಷಿಕೋತ್ಸವದಲ್ಲಿ ಕರ್ಣನಾಗುವ ಹುಡುಗನಿಗೆ ಆ ಅದೃಷ್ಟವಿಲ್ಲ. ಅವನ ಅಪ್ಪ ಕವಚಕ್ಕೆ ಬಾಡಿಗೆ ಕೊಡಬೇಕು, ಬಾಡಿಗೆಯ ಮೇಲೆ ಡಿಪಾಜಿಟ್ಟು ಕಟ್ಟಬೇಕು, ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ವಾಪಸ್ ತಂದು ಒಪ್ಪಿಸಬೇಕು. ನಾಲ್ಕು ಮಣಿ ಉದುರಿದ್ದರೆ ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುತ್ತಾರೆ. ಕವಚ ಬೇಡಿ ಪಡೆದ ದೇವೇಂದ್ರ ಕೂಡ ಇಷ್ಟು ಲೆಕ್ಕ ಹಾಕಿರಲಿಲ್ಲ.

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ‘ಛದ್ಮವೇಷ’ದ ಜ್ವರ. ಮಕ್ಕಳಿಗೆ ವೇಷದ ಜ್ವರ, ಅಪ್ಪಂದಿರಿಗೆ ಖರ್ಚಿನ ಜ್ವರ. ಕಳೆದ ಸಲ ಬಾಡಿಗೆ ಅಂಗಡಿಯೊಂದರ ಮುಂದೆ ಆಟೋ ನಿಲ್ಲಿಸಿದ ಡ್ರೈವರ್ ಒಬ್ಬರು ರೇಟು ಕೇಳಿ ಹೌಹಾರಿದರು.

‘ಏನ್ ಸ್ವಾಮಿ, ಒಂದಿನಕ್ಕೆ ಇಷ್ಟಾ? ಚಿನ್ನದ್ದಾ ಇದು?’

‘ಚಿನ್ನದ್ದಲ್ಲ ಕಣಣ್ಣ, ಪ್ಲಾಸ್ಟಿಕ್ದು. ಡಿಪಾಜಿಟ್ಟು ವಾಪಸ್ ಕೊಡ್ತೀವಲ್ಲ, ಯಾಕೆ ಯೋಚ್ನೆ ಮಾಡ್ತೀಯ?’

ಡ್ರೈವರ್ ಯೋಚನೆ ಮಾಡದೆ ಇನ್ನೇನು ಮಾಡಿಯಾರು? ದಿನದ ಸಂಪಾದನೆ ಅಲ್ಲೇ ಎಣಿಸಿಕೊಟ್ಟು ಕವಚ, ಕಿರೀಟ, ಭುಜಕೀರ್ತಿ ಆಟೋದ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು. ಮಗ ವೇದಿಕೆ ಮೇಲೆ ನಿಂತದ್ದು ಎರಡೇ ನಿಮಿಷ. ಬಹುಮಾನ ಹೋದದ್ದು ಬೆಂಗಳೂರಿನಿಂದ ವೇಷ ತರಿಸಿದ್ದವರ ಮಗನಿಗೆ.

ಬಾಡಿಗೆ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಅವರದೂ ಹೊಟ್ಟೆಪಾಡು. ವರ್ಷದಲ್ಲಿ ಮೂರು ತಿಂಗಳು ವ್ಯಾಪಾರ, ಮಿಕ್ಕ ದಿನ ಕಿರೀಟದ ಧೂಳು ಹೊಡೆಯುವುದೇ ಕೆಲಸ. ಪ್ರಶ್ನೆ ಬೇರೆ. ಸ್ಪರ್ಧೆ ಮಕ್ಕಳದೋ, ಅಪ್ಪಂದಿರ ಜೇಬಿನದೋ?

ಇದು ನಾಟಕ ಗೊತ್ತಿಲ್ಲದ ಜಿಲ್ಲೆಯೇನಲ್ಲ. ಗುಬ್ಬಿಯ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ಆಡಿಸಿದಾಗ ರಂಗದ ಮೇಲೆ ಆನೆ ಕುದುರೆಗಳೇ ಬಂದವು. ಈಗಲೂ ಹಳ್ಳಿಗಳಲ್ಲಿ ಬೆಳಗಿನ ಜಾವದವರೆಗೆ ಕುರುಕ್ಷೇತ್ರ ನಡೆಯುತ್ತದೆ. ಪಾರ್ಟು ಹಾಕುವವರು ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಸೀನರಿ ಬಾಡಿಗೆ ತಂದು ಕುಣಿಯುತ್ತಾರೆ. ಅಲ್ಲಿ ಬಾಡಿಗೆಗೆ ಅರ್ಥವಿದೆ. ಇಡೀ ರಾತ್ರಿಯ ಆಟ, ಹದಿನೈದಿಪ್ಪತ್ತು ಪಾರ್ಟು. ಎರಡು ನಿಮಿಷ ನಿಲ್ಲುವ ಆರು ವರ್ಷದ ಮಗುವಿಗೆ ಅದೇ ದುಬಾರಿ ವ್ಯವಹಾರ ಯಾಕೆ?

ಮನೆಯಲ್ಲಿ ಮಾಡಿದ ಪ್ಲಾಸ್ಟಿಕ್ ಕವಚ ಅಂದರೆ ಮೂಗು ಮುರಿಯುವವರಿದ್ದಾರೆ. ಅಂಥವರು ಹಾಲಿವುಡ್ಡಿನ ಕಥೆಯೊಂದನ್ನು ಕೇಳಬೇಕು. 1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ಬಂತು. ಅದರಲ್ಲಿ ಬಿಳೀ ಕವಚದ ಸೈನಿಕರ ದಂಡೇ ಇದೆ. ಆ ಕವಚ ಉಕ್ಕಿನದಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆದು ಮಾಡಿ, ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿ ಎಳೆದು ಆಕಾರ ತರಿಸಿದ್ದು. 1976ರಲ್ಲಿ ಅದನ್ನು ತಯಾರಿಸಿಕೊಟ್ಟವರು ಲಂಡನ್ ಪಕ್ಕದ ಟ್ವಿಕನ್‌ಹ್ಯಾಮ್‌ನ ಆಂಡ್ರ್ಯೂ ಐನ್ಸ್‌ವರ್ತ್. ಮುಂದೆ ಅವರೇ ಶಿರಸ್ತ್ರಾಣ ಮಾರಲು ಹೊರಟಾಗ ಸಿನಿಮಾ ಕಂಪನಿ ಕೋರ್ಟಿಗೆ ಹೋಯಿತು. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟೇ: ಅದು ಶಿಲ್ಪವಲ್ಲ, ಸಿನಿಮಾ ತೆಗೆಯಲು ಬಳಸಿದ ಒಂದು ಸಾಮಾನು. ಕೋಟಿಗಟ್ಟಲೆ ಜನ ಬೆರಗಾಗಿ ನೋಡಿದ್ದು ಆ ಪ್ಲಾಸ್ಟಿಕ್ ಸಾಮಾನನ್ನೇ!

ಅಲ್ಲಿ ಕಥೆ ಮುಗಿಯಲಿಲ್ಲ. 1997ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಆಲ್ಬಿನ್ ಜಾನ್ಸನ್, ಟಾಮ್ ಕ್ರೂಸ್ ಎಂಬ ಇಬ್ಬರು ಗೆಳೆಯರು ಈ ವೇಷ ತೊಡುವವರ ಸಂಘ ಕಟ್ಟಿದರು. ಈ ಕ್ರೂಸ್ ಸಿನಿಮಾ ನಟ ಅಲ್ಲ, ಬೇರೆ. ಇವತ್ತು ಆ ಸಂಘದವರು ಹಲವು ದೇಶಗಳಲ್ಲಿದ್ದಾರೆ. ವೇಷ ತೊಟ್ಟು ಆಸ್ಪತ್ರೆಗೆ ಹೋಗಿ ಕಾಯಿಲೆ ಮಕ್ಕಳನ್ನು ನಗಿಸುತ್ತಾರೆ. ಇಂಥವರ ಮನೆಗೆ ಬರುವ ‘ಕಿಟ್’ ಅಂದರೆ ಪೆಟ್ಟಿಗೆ ತುಂಬ ಬಿಳೀ ಪ್ಲಾಸ್ಟಿಕ್ ತುಂಡುಗಳು. ಅಂಚು ಕತ್ತರಿಸುವುದು, ಉಜ್ಜುವುದು, ಒಳಗಿನಿಂದ ಪಟ್ಟಿ ಕೊಟ್ಟು ಅಂಟಿಸುವುದು, ಬೆಲ್ಟು ಕೂರಿಸುವುದು, ಬಣ್ಣ ಹಚ್ಚುವುದು ಎಲ್ಲ ಕೊಂಡವರದೇ ಕೆಲಸ. ಆಫೀಸು, ಫ್ಯಾಕ್ಟರಿ ಮುಗಿಸಿ ಬಂದ ದೊಡ್ಡವರು ತಿಂಗಳುಗಟ್ಟಲೆ ರಾತ್ರಿ ಕೂತು ಮಾಡುತ್ತಾರೆ. ತೊಟ್ಟು ನಿಂತಾಗ ‘ಇದು ನಾನೇ ಮಾಡಿದ್ದು’ ಎನ್ನುವ ಹೆಮ್ಮೆಗೆ ಬಾಡಿಗೆ ಅಂಗಡಿಯಲ್ಲಿ ರೇಟು ಬೋರ್ಡು ಇಲ್ಲ.

ತುಮಕೂರಿನ ಹುಡುಗನಿಗೆ ಆ ದುಬಾರಿ ಕಿಟ್ ಬೇಕಿಲ್ಲ. ಬೇಕಾದ್ದೆಲ್ಲ ಪೇಟೆಯಲ್ಲೇ ಇದೆ. ಸ್ಟೇಷನರಿ ಅಂಗಡಿಯಲ್ಲಿ ದಪ್ಪ ಫೋಮ್ ಶೀಟು. ಫ್ಲೆಕ್ಸ್ ಅಂಗಡಿಯಲ್ಲಿ ಮಿಕ್ಕಿದ ಸನ್‌ಬೋರ್ಡ್ ತುಂಡು. ಚಪ್ಪಲಿ ರಿಪೇರಿಯವರ ಹತ್ತಿರ ರಬ್ಬರ್ ಸೊಲ್ಯೂಶನ್. ಬಕಲ್ಲು, ಪಟ್ಟಿಗೆ ಹಳೇ ಸ್ಕೂಲ್ ಬ್ಯಾಗು.

ಮೊದಲು ಹಳೇ ಪೇಪರನ್ನು ಮಗುವಿನ ಎದೆ ಮೇಲಿಟ್ಟು ಅಳತೆ ಕತ್ತರಿಸಬೇಕು. ಪೇಪರ್ ಸರಿ ಕೂತ ಮೇಲೇ ಶೀಟಿಗೆ ಕತ್ತರಿ. ಸೊಲ್ಯೂಶನ್ ಎರಡೂ ಕಡೆ ಹಚ್ಚಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಆಮೇಲೆ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ವೇದಿಕೆ ಮೇಲೆ ಬಿಟ್ಟುಕೊಳ್ಳುತ್ತದೆ. ಫೋಮ್ ಬಣ್ಣ ಕುಡಿಯುತ್ತದೆ, ಆದ್ದರಿಂದ ನೀರು ಬೆರೆಸಿದ ಫೆವಿಕಾಲ್ ಎರಡು ಕೋಟು ಮೊದಲು. ಅದು ಒಣಗಿದ ಮೇಲೆ ಕಪ್ಪು, ಕಪ್ಪಿನ ಮೇಲೆ ತೆಳ್ಳಗೆ ಬಂಗಾರದ ಬಣ್ಣ. ಕೊನೆಗೆ ನೀರಾದ ಕಪ್ಪು ಬಣ್ಣ ಬಳಿದು ತಕ್ಷಣ ಬಟ್ಟೆಯಲ್ಲಿ ಒರೆಸಿದರೆ ಗೀರುಗಳಲ್ಲಿ ಕಪ್ಪು ಉಳಿದು ಹಳೇ ಲೋಹದ ಕಳೆ ಬರುತ್ತದೆ. ಎರಡು ಭಾನುವಾರದ ಕೆಲಸ.

ಹಾಗಂತ ಕಣ್ಣುಮುಚ್ಚಿ ಶುರು ಮಾಡುವಂತಿಲ್ಲ. ಅಂಗಡಿಯವರೂ ಗಮನಿಸಬೇಕಾದ ಮಾತು ಇಲ್ಲಿದೆ. ಎಲ್ಲರ ಕೈ ಮೊದಲು ಹೋಗುವುದು ಥರ್ಮಾಕೋಲಿಗೆ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕಾನೂನು ಬದಿಗಿಟ್ಟರೂ ಕೆಲಸಕ್ಕೆ ಅದು ಮೋಸವೇ. ಸ್ಪ್ರೇ ಪೇಂಟು, ಥಿನ್ನರು, ಸೊಲ್ಯೂಶನ್ನು ತಾಗಿದರೆ ಕರಗಿ ಗುಳಿ ಬೀಳುತ್ತದೆ. ರಾತ್ರಿ ಹತ್ತಕ್ಕೆ ಬಣ್ಣ ಹೊಡೆದು ಬೆಳಿಗ್ಗೆ ಎದ್ದು ನೋಡಿದರೆ ಕವಚಕ್ಕೆ ಸಿಡುಬು!

ಎರಡನೆಯದು ಪೇಂಟು. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿ ಮೇಲೆ ಅದನ್ನು ಬರೆದಿರಬೇಕು. ಮಗುವಿನ ಮೈಗೆ, ಬಾಯಿಗೆ ತಾಗುವ ವೇಷಕ್ಕೆ ಯಾವುದೋ ಬಿಡಿ ಪೇಂಟು ತರುವುದು ಬೇಡ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಸಾಕು. ಸೊಲ್ಯೂಶನ್ ಹಚ್ಚುವುದೂ ಸ್ಪ್ರೇ ಹೊಡೆಯುವುದೂ ತಾರಸಿ ಮೇಲೆ, ಗಾಳಿಯಲ್ಲಿ. ಬಾಗಿಲು ಹಾಕಿದ ರೂಮಿನಲ್ಲಿ, ಒಲೆ ಪಕ್ಕದಲ್ಲಿ ಅಲ್ಲವೇ ಅಲ್ಲ. ಪಿವಿಸಿ ಪೈಪನ್ನು ಬೆಂಕಿಗೆ ಹಿಡಿದು ಬಗ್ಗಿಸುವ ಸಾಹಸವೂ ಬೇಡ. ಸುಟ್ಟರೆ ಬರುವ ಹೊಗೆಯಲ್ಲಿ ಆಮ್ಲವಿದೆ, ಗಂಟಲು ಸುಡುತ್ತದೆ. ಬ್ಲೇಡು ದೊಡ್ಡವರ ಕೈಯಲ್ಲಿರಲಿ, ಬ್ರಷ್ಷು ಮಕ್ಕಳ ಕೈಯಲ್ಲಿ.

ಮಕ್ಕಳ ಕೈಯಲ್ಲಿ ಎನ್ನುವುದೇ ಮುಖ್ಯ. ಕೆಲವು ಮನೆಗಳಲ್ಲಿ ಮಗು ಮಲಗಿರುತ್ತದೆ, ಅಪ್ಪ ಕವಚ ಮಾಡುತ್ತಿರುತ್ತಾನೆ. ಅದಕ್ಕಿಂತ ಬಾಡಿಗೆಯೇ ವಾಸಿ. ಮಗು ಬಳಿದ ಬಂಗಾರ ಅಂಚು ದಾಟಿದರೆ ದಾಟಲಿ. ಕಿರೀಟ ವಾಲಿದರೆ ವಾಲಲಿ. ‘ಅಪ್ಪಾ, ಇದು ಯಾಕೆ ಅಂಟ್ತಾ ಇಲ್ಲ?’ ಎಂದು ಮಗು ಕೇಳುವ ಪ್ರಶ್ನೆಯಲ್ಲಿ ಒಂದು ಪೀರಿಯಡ್ಡಿನ ವಿಜ್ಞಾನ ಪಾಠವಿದೆ.

ಪುರುಸೊತ್ತು ಎಲ್ಲಿದೆ ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗಾರ್ಮೆಂಟ್ಸ್‌ನಿಂದ ಏಳು ಗಂಟೆಗೆ ಬಂದು ಅಡಿಗೆಗೆ ನಿಲ್ಲುವ ತಾಯಿಗೆ ಕವಚ ಮಾಡಿ ಎನ್ನುವುದು ಇನ್ನೊಂದು ಹೊರೆ. ಶಾಲೆಯವರು ಬುಧವಾರ ಚೀಟಿ ಕಳಿಸಿ ಶನಿವಾರ ವೇಷ ಕೇಳಿದರೆ ಯಾರೇ ಆದರೂ ಬಾಡಿಗೆ ಅಂಗಡಿಗೇ ಓಡುತ್ತಾರೆ. ಹೀಗಾಗಿ ಮನೆಯವರಿಗಿಂತ ಹೆಚ್ಚಿನ ಜವಾಬ್ದಾರಿ ಶಾಲೆಯದು.

ಮೂರೇ ಕೆಲಸ. ಒಂದು, ತಿಂಗಳ ಮೊದಲೇ ತಿಳಿಸುವುದು. ಎರಡು, ಡ್ರಾಯಿಂಗ್ ಮೇಷ್ಟ್ರ ಕೈಲಿ ನಾಲ್ಕು ಪೀರಿಯಡ್ಡು ಕೊಟ್ಟು ಶಾಲೆಯಲ್ಲೇ ಕವಚ, ಕಿರೀಟ ಮಾಡಿಸುವುದು. ಆಗ ಮನೆಗೆ ಹೊರೆಯೂ ಇಲ್ಲ, ಬಡವ ಬಲ್ಲಿದ ಭೇದವೂ ಇಲ್ಲ. ಮೂರು, ಬಹುಮಾನಕ್ಕೆ ಲೆಕ್ಕ ಹಾಕುವಾಗ ‘ಯಾರು ಮಾಡಿದ್ದು?’ ಎಂದು ಮಗುವನ್ನೇ ಕೇಳುವುದು. ತಾನೇ ಮಾಡಿದ ಮಗು ಹತ್ತು ಮಾತು ಹೇಳುತ್ತದೆ. ಬಾಡಿಗೆ ತಂದ ಮಗು ಅಂಗಡಿ ಹೆಸರು ಹೇಳುತ್ತದೆ.

ಪೇಟೆಯ ವರ್ತಕರಿಗೂ ಇದರಲ್ಲಿ ನಷ್ಟವಿಲ್ಲ. ಫೋಮ್ ಶೀಟು, ಅಕ್ರಿಲಿಕ್ ಬಣ್ಣ, ಬ್ರಷ್ಷು, ವೆಲ್ಕ್ರೋ ಪಟ್ಟಿ ಒಂದೇ ಕವರಿಗೆ ಹಾಕಿ, ಜೊತೆಗೆ ಅಳತೆಯ ಚೀಟಿ ಇಟ್ಟು ‘ಕರ್ಣನ ಸೆಟ್ಟು’ ಎಂದು ಮಾರಿದರೆ ಹೋಗದೆ ಇರುತ್ತದೆಯೆ? ವೇಷದ ಬಾಡಿಗೆ ಅಂಗಡಿಯವರೇ ಅದನ್ನು ಮಾರಬಹುದು. ಕವಚ ಮಾಡುವ ಕಸುಬು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಈ ಸಲ ವಾರ್ಷಿಕೋತ್ಸವಕ್ಕೆ ಇನ್ನೂ ಟೈಮಿದೆ. ಹೆಡ್ ಮಾಸ್ಟರುಗಳು ಚೀಟಿ ಬರೆಯುವಾಗ ಒಂದೇ ಒಂದು ಸಾಲು ಸೇರಿಸಿದರೆ ಸಾಕು: ‘ಬಾಡಿಗೆ ವೇಷಕ್ಕೆ ಬಹುಮಾನವಿಲ್ಲ.’ ಸೇರಿಸುವರೆ?